ಟಿಕೆಟ್ ಮಷಿನ್ ಮಲಗಿಸುವ ಮೊದಲು

ದಿನಾಂಕ: 1970ನೆಯ ಇಸವಿ, ಜನವರಿ ಒಂದು, ಗುರುವಾರ, ಬೆಳಗಿನ ಏಳು ಗಂಟೆ ದಾಟಿದೆ. ಹೀಗೆಂದು ನನ್ನ ಮುಂದಿರುವ ಮಷಿನ್ ಹೇಳುತ್ತಿದೆ. ನಮ್ಮ ಲೆಕ್ಕದಲ್ಲಿ ಇದು 2207, ಹೊತ್ತು ನಡುಮಧ್ಯಾಹ್ನ. ನೀವು ಎರಡನ್ನೂ ನಂಬಲಾರಿರಿ, ನಾನೇನು ಮಾಡಲಿ?

ಮಾನ್ಯರೇ,

ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಮಷಿನ್‌ಗಳ ಪರದೆಯ ಮೇಲೆ ಓದಿ ಕಲಿತವಳು ನಾನು. ನಮ್ಮ ಮನೆಯಲ್ಲಿ ಆಡುವ ಮಾತೇ ಬೇರೆ. ಕೆಲವು ಶಬ್ದಗಳು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿರಲಿಕ್ಕಿಲ್ಲ, ಅವು ಬಂದ ಕಡೆ ಬಿಡಿಸಿ ಹೇಳುತ್ತೇನೆ. ನೀವು ಗಂಡಸೋ ಹೆಂಗಸೋ, ಯಾವ ಊರಿನವರೋ ನನಗೆ ಗೊತ್ತಿಲ್ಲ. ಬಸ್ಸಿನ ಕಂಡಕ್ಟರು ಕೊರಳಿಗೆ ತೂಗುಹಾಕಿಕೊಳ್ಳುತ್ತಿದ್ದ ಟಿಕೆಟ್ ಮಷಿನ್‌ಗೆ ಲಿನಕ್ಸ್ ತಂತ್ರಾಂಶವನ್ನು ಹೊಂದಿಸಿ ಹಾಕಿದವರು ಎಂಬುದಷ್ಟೇ ಗೊತ್ತು. ಅಲ್ಲ, ಯಾವ ಸುಖಕ್ಕೆ ಹಾಕಿದಿರಿ? ಟಿಕೆಟ್ ಕೊಡಲು ಅದಕ್ಕೆ ಬರುತ್ತಿತ್ತು, ಅಷ್ಟು ಸಾಕಿತ್ತಲ್ಲ! ಊಟ ಆರಿಹೋಗುತ್ತಿದೆ ಎಂದು ಮನೆಯವರು ಕೂಗಿರಬೇಕು, ಮಾಡಲು ಬೇರೆ ಕೆಲಸವಿಲ್ಲವೇ ಎಂದು ಗೆಳೆಯರು ನಕ್ಕಿರಬೇಕು. ನನ್ನ ಮೊಮ್ಮಗಳ ಜೀವ ಈಗ ಆ ಕೆಲಸದ ಮೇಲೆ ನಿಂತಿದೆ.

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ನಿಮ್ಮ ಲಿನಕ್ಸನ್ನು ಮೆಮೊರಿ ಕಾರ್ಡಿನಿಂದ ತನ್ನ ಹೊಟ್ಟೆಯೊಳಗೆ ಬರೆದುಕೊಳ್ಳುತ್ತಾ ಮಷಿನ್ ಕೂತಿದೆ. ಅದು ತೀರಾ ನಿಧಾನ. ಬರೆದುಕೊಳ್ಳುತ್ತಲೇ ನನ್ನ ಪತ್ರವನ್ನೂ ಹಿಡಿದಿಡುತ್ತಿದೆ, ಒಂದು ಕೈಯಲ್ಲಿ ರೊಟ್ಟಿ ಬಡಿದು ಇನ್ನೊಂದು ಕೈಯಲ್ಲಿ ಒಲೆ ನೋಡುವ ಹೆಂಗಸಿನ ಹಾಗೆ. ನನಗೆ ಆ ತಾಳ್ಮೆ ಇಲ್ಲ. ಎದ್ದು ಹೋಗಿ ಕೂಸನ್ನು ನೋಡುತ್ತೇನೆ, ಬಂದು ಪರದೆ ನೋಡುತ್ತೇನೆ, ಮತ್ತೆ ಏಳುತ್ತೇನೆ. ಅಳಿಯ ವೈಜನಾಥ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಅವಚಿಕೊಂಡು, ಮೇಲೆ ಕೌದಿ ಹೊದ್ದು ಗೋಡೆಗೆ ಒರಗಿದ್ದಾನೆ. ಬೆನ್ನು ಹಿಡಿದುಕೊಂಡಿದೆ, ಆದರೂ ಅಲುಗಾಡುತ್ತಿಲ್ಲ. ಬಾಣಂತಿಯಾದ ನನ್ನ ಮಗಳು ಮಹಾನಂದಾ ಜ್ವರದಲ್ಲಿ ಮಲಗಿದ್ದಾಳೆ. ಕೂಸು ಏಳು ತಿಂಗಳಿಗೇ ಹುಟ್ಟಿಬಿಟ್ಟಿತು. ಒಂದು ಎದೆಯಿಂದ ಇನ್ನೊಂದು ಎದೆಗೆ ದಾಟಿಸುವಷ್ಟರಲ್ಲೇ ಅದರ ಪಾದ ತಣ್ಣಗಾಗುತ್ತದೆ. ಎದೆಯ ಬಿಸಿ ಒಳ್ಳೆಯದೇ, ಆದರೆ ಎಷ್ಟು ದಿನ ಹೀಗೆ? ಕೂಸಿಗೆ ಗೂಡು ಬೇಕೇ ಬೇಕು ಎಂದು ಸೂಲಗಿತ್ತಿ ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ.

ಗೂಡು ಎಂದರೆ ಅವಸರದಲ್ಲಿ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ನಿಮ್ಮ ಆಸ್ಪತ್ರೆಗಳಲ್ಲೂ ಇತ್ತು. ನಾವಿರುವುದು ಬೀದರಿನ ಸುರಂಗ ಬಾವಿಯಲ್ಲಿ, ಹಿಂದಿನ ಸುಲ್ತಾನರ ಕಾಲದವರು ನೀರಿಗಾಗಿ ನೆಲದೊಳಗೆ ಕೊರೆದ ಆ ಉದ್ದನೆಯ ಕಾಲುವೆಯಲ್ಲಿ. ಮೇಲಿನ ಬಿಸಿಲು ಮನುಷ್ಯರಿಗೆ ತಡೆಯದಾದಾಗ ನಮ್ಮ ಹಿರಿಯರು ಅದನ್ನು ಅಗಲ ಮಾಡಿ ಒಳಗಿಳಿದರು. ನಡುವೆ ನೀರು ಹರಿಯುತ್ತದೆ, ಎರಡೂ ಬದಿಗೆ ಮನೆಗಳಿವೆ. ಬಾವಿಯ ಬಾಯಿಂದ ಇಳಿಯುವ ಬೆಳಕು ಯಾವ ಮನೆಯ ಮುಂದೆ ಬಿದ್ದಿದೆ ಎಂದು ನೋಡಿ ಹೊತ್ತು ಹೇಳುತ್ತೇವೆ. ಹೊತ್ತು ಮುಳುಗಿದ ಮೇಲೆ ಹತ್ತಿ ಹೋಗಿ ಜೋಳ ನೋಡಿಕೊಂಡು ಬರುತ್ತೇವೆ. ಮೇಲೆ ಬೆಂಕಿ, ಒಳಗೆ ನೀರಿನ ಥಂಡಿ. ಈ ಥಂಡಿಯೇ ಸಣ್ಣ ಕೂಸುಗಳಿಗೆ ವೈರಿ.

ನಾನು ಎಚ್ಚರಗಾರ್ತಿ. ಈ ಶಬ್ದ ನಿಮಗೆ ಗೊತ್ತಿರಲಾರದು. ಮಷಿನ್‌ಗಳು ನಿದ್ದೆ ಹೋಗದಂತೆ ಕಾಯುವುದು ನನ್ನ ಕೆಲಸ. ನೀರೆತ್ತುವುದು, ಗಾಳಿ ಬೀಸುವುದು, ಹಿಟ್ಟು ಬೀಸುವುದು, ಎಲ್ಲಕ್ಕೂ ದಿನವೂ ಸುತ್ತು ಹಾಕಿ, ಅಂಗೈ ಇಟ್ಟು ಬಿಸಿ ನೋಡಿ, ಕಿವಿಗೊಟ್ಟು ಸದ್ದು ಕೇಳಿ, ಎಚ್ಚರ ಇದ್ದೀಯಾ ಎಂದು ವಿಚಾರಿಸುತ್ತೇನೆ. ನಗಬೇಡಿ. ನಿಮ್ಮ ಕಾಲದ ಕಂಪನಿಗಳು ಮಷಿನ್ ಮಾರಿದ ಮೇಲೂ ಬೀಗದ ಕೈ ತಮ್ಮ ಬಳಿಯೇ ಇಟ್ಟುಕೊಂಡವು. ಮಲಗಿ ಎದ್ದ ಮಷಿನ್ ಮೊದಲು ದೂರದ ಕಂಪನಿಯ ಅಪ್ಪಣೆ ಕೇಳುತ್ತದೆ. ಕಂಪನಿ ಸತ್ತು ಯಾವ ಕಾಲವಾಯಿತು, ಅಪ್ಪಣೆ ಕೊಡುವವರು ಯಾರು? ನನ್ನ ಗುರು ಇಮಾಮಬಿ ಆಯಿ ಹುಡುಗಿಯಾಗಿದ್ದಾಗ ಮೇಲಿನ ಕೇರಿಯ ಪಂಪು ಒಮ್ಮೆ ನಿದ್ದೆ ಹೋಗಿ ಮತ್ತೆ ಏಳಲೇ ಇಲ್ಲವಂತೆ. ಆ ಕೇರಿ ಇವತ್ತಿಗೂ ಖಾಲಿ ಬಿದ್ದಿದೆ. ಅಂದಿನಿಂದ ನಮ್ಮಲ್ಲಿ ಯಾರೂ ಯಾವ ಮಷಿನನ್ನೂ ಆರಿಸಿಲ್ಲ. ಆರಿಸು ಎಂಬ ಮಾತನ್ನೇ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನಿಮ್ಮ ಅಜ್ಜಿಯರು ದೀಪ ಆರಿಸು ಎನ್ನದೆ ದೀಪ ಶಾಂತ ಮಾಡು ಎನ್ನುತ್ತಿದ್ದರಂತೆ, ನಾವು ಅದನ್ನೂ ಎನ್ನುವುದಿಲ್ಲ.

ಹೀಗೆ ಮೂರು ತಲೆಮಾರು ಎಚ್ಚರವಿದ್ದ ಗೂಡಿಗೆ ಈಗ ಅರಳುಮರಳು. ನನ್ನ ಮೊಮ್ಮಗಳನ್ನು ಮಲಗಿಸಿದ ದಿನವೇ ಒಮ್ಮೆ ಸುಡುವಷ್ಟು ಕಾಯಿತು, ಇನ್ನೊಮ್ಮೆ ಕಾಯುವುದನ್ನೇ ಮರೆಯಿತು. ಬಿಸಿ ಕೊಡುವ ಸುರುಳಿ ಸರಿ ಇತ್ತು, ಫ್ಯಾನ್ ಸರಿ ಇತ್ತು, ಅವನ್ನು ನಡೆಸುವ ಮಿದುಳು ಮಾತ್ರ ಕೆಟ್ಟಿತ್ತು. ಅದನ್ನು ಕಿತ್ತು ಬೇರೆ ಮಿದುಳು ಹಾಕೋಣ ಎಂದೆ. ಹಾಗೆ ಮಾಡಬೇಕಾದರೆ ಗೂಡನ್ನು ಆರಿಸಬೇಕು. ಇಮಾಮಬಿ ಆಯಿ ಎದೆ ಎದೆ ಬಡಿದುಕೊಂಡಳು. "ಏನ್ ಮಾಡ್ಲತ್ತಿ ಕಾಶಮ್ಮ, ತಲಿ ಕೆಟ್ಟದೇನು ನಿಂದು? ಮುಂದ ಹುಟ್ಟೋ ಕೂಸುಗಳ ಗತಿ ಏನು?" ಎಂದಳು. "ಈಗ ಹುಟ್ಟಿದ್ದರ ಗತಿ ನೋಡು ಆಯಿ, ಮುಂದಿಂದು ಆಮ್ಯಾಲ" ಎಂದು ನಾನೂ ಕೂಗಾಡಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ನಾನೇ ಗೂಡಿನ ತಂತಿ ಎಳೆದೆ.

ಬೇರೆ ಮಿದುಳಾಗಿ ಸಿಕ್ಕಿದ್ದು ಈ ಟಿಕೆಟ್ ಮಷಿನ್ ಒಂದೇ. ಕಪಾಟಿನ ಮೇಲೆ ಮಕ್ಕಳ ಆಟಕ್ಕೂ ಬೇಡವಾಗಿ ಬಿದ್ದಿತ್ತು. ನಿಮ್ಮ ಕೆಲಸ ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ, ಡಬ್ಬಿಯೊಳಗಿನ ಕಾರ್ಡಿನಲ್ಲಿತ್ತು. ಬಿತ್ತನೆಯ ಕಾಳಿನ ಹಾಗೆ ಅದನ್ನು ಪ್ರತಿ ತಲೆಮಾರೂ ಹೊಸ ಕಾರ್ಡಿಗೆ ನಕಲು ಮಾಡಿ ಇಡುತ್ತಾ ಬಂದಿದೆ. ನಾವು ಲಿನಕ್ಸಿಗೆ ಹಕ್ಕಿ ಎನ್ನುತ್ತೇವೆ, ಎದ್ದ ಕೂಡಲೇ ಪರದೆಯ ಮೂಲೆಯಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂರುತ್ತದಲ್ಲ, ಅದಕ್ಕೆ. ನೀವು ಪೆಂಗ್ವಿನ್ ಎನ್ನುತ್ತಿದ್ದ ಆ ಹಕ್ಕಿಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಅದಕ್ಕೆ ಹಾರಲು ಬರುತ್ತಿರಲಿಲ್ಲವಂತೆ, ಹಿಮದ ಮೇಲೆ ಗಂಡುಹಕ್ಕಿ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು, ಕೆಳಗಿಳಿಸದೆ, ಹಸಿದುಕೊಂಡು ನಿಲ್ಲುತ್ತಿತ್ತಂತೆ. ನಿಜವೇ? ವೈಜನಾಥನನ್ನು ನೋಡಿದರೆ ನಂಬಬೇಕು ಎನಿಸುತ್ತದೆ.

ಟಿಕೆಟ್ ಅಚ್ಚಾಗುವಾಗ ಕಾಗದಕ್ಕೆ ಬಿಸಿ ಮುಟ್ಟಿಸುವ ತಂತಿ ಈ ಮಷಿನ್‌ನಲ್ಲಿದೆ. ಅದನ್ನು ಗೂಡಿನ ಸುರುಳಿಯ ಸ್ವಿಚ್ಚಿಗೆ ಕಟ್ಟಿದೆ. ಕಾಗದ ಸರಿಸುವ ಮೋಟಾರಿನ ತಂತಿಯನ್ನು ಫ್ಯಾನಿಗೆ ಕಟ್ಟಿದೆ. ಕಾರ್ಡು ಚುಚ್ಚಿದೆ. ಕಪ್ಪು ಪರದೆಯ ಮೇಲೆ ಅಕ್ಷರಗಳು ದಡದಡನೆ ಓಡಿದವು, ಹಕ್ಕಿ ಬಂದು ಕೂತಿತು. ಯವ್ವಾ, ಆಗ ಆದ ಸಂತೋಷ! ಯಾರ ಅಪ್ಪಣೆಯನ್ನೂ ಕೇಳಲಿಲ್ಲ ಅದು. ಗೂಡು ಹದವಾಗಿ ಕಾದಿತು, ಕೂಸನ್ನು ಒಳಗೆ ಮಲಗಿಸಿದೆವು. ಇಮಾಮಬಿ ಆಯಿ ಕೂಡ ಬಂದು ಗಾಜಿಗೆ ಹಣೆ ಹಚ್ಚಿ ನೋಡಿ ಬೆಲ್ಲ ಹಂಚಿದಳು.

ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ನಡೆದದ್ದು ಅಲ್ಲಿಯೇ. ಹಕ್ಕಿ ಕಾರ್ಡಿನಿಂದ ಎದ್ದು, ಕರೆಂಟು ಇರುವವರೆಗೆ ಮಾತ್ರ ಉಳಿಯುವ ನೆನಪಿನಲ್ಲಿ ಓಡುತ್ತಿತ್ತು, ಮಷಿನ್‌ನ ಹೊಟ್ಟೆಗೆ ಇಳಿದಿರಲಿಲ್ಲ. ಎದ್ದದ್ದು ಎದ್ದೇ ಇರುತ್ತದೆ ಎಂದು ಹುಟ್ಟಿದಾಗಿನಿಂದ ನಂಬಿದವರಿಗೆ, ಆರಿದರೆ ಏನಾದೀತು ಎಂಬ ಪ್ರಶ್ನೆ ಹೊಳೆಯುವುದಾದರೂ ಹೇಗೆ? ಕಾರ್ಡನ್ನು ಹಗೇವಿಗೆ ಸೇರಿಸಿ ನಿಶ್ಚಿಂತರಾದೆವು. ಮರುದಿನ ಮೇಲೆ ಧೂಳುಗಾಳಿ ಎದ್ದು ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು. ಉಳಿದ ಮಷಿನ್‌ಗಳಿಗೆ ಬ್ಯಾಟರಿ ಇತ್ತು, ಇದರದ್ದು ಎಂದೋ ಸತ್ತಿತ್ತು. ಮಗಳ ಚೀರಾಟ ಕೇಳಿ ಓಡಿ ಬಂದು ನೋಡುತ್ತೇನೆ, ಗೂಡು ತಣ್ಣಗಾಗಿದೆ, ಕೂಸಿನ ತುಟಿ ನೀಲಿಯಾಗಿದೆ, ಪರದೆಯ ಮೇಲೆ ಹಕ್ಕಿ ಇಲ್ಲ. ಬದಲಿಗೆ, ಬೀದರಿನಿಂದ ಹುಮನಾಬಾದಿಗೆ ಫುಲ್ ಎಷ್ಟು, ಹಾಫ್ ಎಷ್ಟು ಎಂದು ಮಷಿನ್ ಕೇಳುತ್ತಿದೆ! ನನಗೆ ಬಂದ ಸಿಟ್ಟಿಗೆ ಅದನ್ನು ಗೋಡೆಗೆ ಅಪ್ಪಳಿಸಬೇಕಿತ್ತು. ವೈಜನಾಥ ಅಷ್ಟರಲ್ಲಿ ಅಂಗಿ ಹರಿದು ಬಿಸಾಡಿ ಕೂಸನ್ನು ಎದೆಗೆ ಒತ್ತಿಕೊಂಡಿದ್ದ. ಬಹಳ ಹೊತ್ತಿನ ಮೇಲೆ ಅದು ಸಣ್ಣಗೆ ಅತ್ತಿತು. ಆ ಅಳು ಕೇಳಿದ ಮೇಲೆಯೇ ನಾನು ಹಗೇವಿಗೆ ಓಡಿ ಕಾರ್ಡು ತಂದೆ.

ಈಗ ಹಕ್ಕಿಯನ್ನು ಹೊಟ್ಟೆಗೇ ಇಳಿಸುತ್ತಿದ್ದೇನೆ. ಇಳಿದ ಮೇಲೆ ಕಾರ್ಡು ತೆಗೆದು, ನಾವೇ ಬೇಕೆಂದು ಆರಿಸಿ, ಅದು ತಾನಾಗಿ ಏಳುತ್ತದೆಯೇ ಎಂದು ನೋಡಲೇಬೇಕು. ಕೂಸು ಎದೆಯ ಮೇಲಿರುವಾಗಲೇ ನೋಡಬೇಕು, ಗೂಡಿನೊಳಗಿರುವಾಗ ಅಲ್ಲ. ಇಷ್ಟು ಸರಳ ಮಾತು ಯಾರಿಗೂ ಒಪ್ಪಿಗೆಯಾಗುತ್ತಿಲ್ಲ. ಇಡೀ ಸುರಂಗವೇ ಬಾಗಿಲಲ್ಲಿ ಸೇರಿದೆ. ಓಡುತ್ತಿರುವುದನ್ನು ಯಾಕೆ ಆರಿಸುತ್ತೀ, ಬ್ಯಾಟರಿ ಹುಡುಕೋಣ, ಕಾವಲು ಕೂರೋಣ ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಹೊಟ್ಟೆಗೆ ಬರೆಯುವಾಗ ಒಂದು ಅಕ್ಷರ ತಪ್ಪಿದ್ದರೂ ಮಷಿನ್ ಕಲ್ಲಾಗುತ್ತದೆ. ಆಮೇಲೆ ಅದು ಟಿಕೆಟ್ಟನ್ನೂ ಕೊಡುವುದಿಲ್ಲ, ಬಿಸಿಯನ್ನೂ ಕೊಡುವುದಿಲ್ಲ, ಮತ್ತೊಂದು ಮಷಿನ್ ನಮ್ಮಲ್ಲಿಲ್ಲ. ಬರೆದ ಅಕ್ಷರಗಳನ್ನು ಅಳಿಸಿ ಅಳಿಸಿ ಬರೆಯುತ್ತಿದ್ದೇನೆ.

ಬರೆದು ಮುಗಿದಿದೆ ಎಂದು ಮಷಿನ್ ಹೇಳುತ್ತಿದೆ. ಕಾರ್ಡು ತೆಗೆದಿಟ್ಟೆ. ಇಮಾಮಬಿ ಆಯಿ ಜನರನ್ನು ಸರಿಸಿಕೊಂಡು ಒಳಗೆ ಬಂದು ನನ್ನ ಪಕ್ಕ ಕೂತಿದ್ದಾಳೆ. ತಡೆಯಲು ಬಂದಳೆಂದು ಜಗಳಕ್ಕೆ ಸಿದ್ಧವಾದೆ. ಅವಳು ಹೇಳಿದ್ದು ಬೇರೆ. "ಸರಿ ಅತ್ಲಾಗ. ನಾ ಆರಸ್ತೀನಿ. ಏನಾರ ಆದ್ರ ಮಂದಿ ನನಗ ಬೈಲಿ. ನೀ ಅಜ್ಜಿ ಇದ್ದಿ, ನಿನ್ನ ಕೈ ಬ್ಯಾಡ." ಆರಿಸು ಎಂಬ ಶಬ್ದ ಅವಳ ಬಾಯಿಂದ ಬಂದದ್ದನ್ನು ಕೇಳಿ ಬಾಗಿಲಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

ಈ ಪತ್ರವೂ ಇದೇ ಮಷಿನ್‌ನ ಹೊಟ್ಟೆಯಲ್ಲಿದೆ. ಅದು ಕಲ್ಲಾದರೆ ಇದೂ ಅದರ ಜೊತೆ ಹೋಗುತ್ತದೆ, ನನ್ನ ಕಾಲದವರೂ ಓದಲಾರರು, ನಿಮ್ಮವರೂ ಓದಲಾರರು. ಹಿಂದಕ್ಕೆ ಪತ್ರ ಹೇಗೆ ಹೋಗುತ್ತದೆ ಎಂದು ನನಗೆ ತಿಳಿಯದು. ವಿಳಾಸವಿಲ್ಲದೆ ನೀವು ನಿಮ್ಮ ಕೆಲಸವನ್ನು ಮುಂದಕ್ಕೆ ಕಳಿಸಲಿಲ್ಲವೇ, ಹಾಗೆಯೇ ಇದನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಆಯಿಯ ಬೆರಳು ಗುಂಡಿಯ ಮೇಲಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ದಿನಾಂಕ: 1970ನೆಯ ಇಸವಿ, ಜನವರಿ ಒಂದು, ಗುರುವಾರ, ಬೆಳಗಿನ ಐದೂವರೆ ಈಗಷ್ಟೇ ದಾಟಿದೆ.

ನೋಡಿದಿರಾ? ಗಡಿಯಾರ ಹಿಂದಕ್ಕೆ ಹೋಗಿದೆ! ಮಲಗಿ ಎದ್ದಾಗಲೆಲ್ಲ ಈ ಮಷಿನ್ ಅದೇ ಗುರುವಾರದಿಂದ, ಅದೇ ಐದೂವರೆಯಿಂದ ಲೆಕ್ಕ ಹಿಡಿಯುತ್ತದೆ. ಪರದೆ ಕಪ್ಪಗಾಯಿತು, ಹಾಗೆಯೇ ಇತ್ತು, ಯಾರೋ ಅಳಲು ಶುರುಮಾಡಿದರು, ನಾನು ಆಯಿಯ ಕೈಯನ್ನು ಮೂಳೆ ಮುರಿಯುವಷ್ಟು ಹಿಡಿದುಕೊಂಡಿದ್ದೆ. ಆಮೇಲೆ ಆ ಹೊಟ್ಟೆಯ ಹಕ್ಕಿ, ಏನೂ ಆಗಿಲ್ಲವೆಂಬಂತೆ, ತನ್ನ ಮೂಲೆಗೆ ಬಂದು ಕೂತಿತು. ಯಾರನ್ನೂ ಏನನ್ನೂ ಕೇಳಲಿಲ್ಲ. ಪತ್ರವೂ ಇತ್ತು. ಕೂಸನ್ನು ಗೂಡಿಗೆ ಇಳಿಸಿದೆವು. ವೈಜನಾಥನಿಗೆ ಎದ್ದು ನಿಲ್ಲಲಾಗಲಿಲ್ಲ, ಇಬ್ಬರು ಹಿಡಿದು ಎಬ್ಬಿಸಿದರು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಮಷಿನ್‌ಗಳನ್ನು ಈಗಲೇ, ಕಂಪನಿಗಳು ಬದುಕಿರುವಾಗಲೇ, ಒಮ್ಮೆ ಆರಿಸಿ ನೋಡಿ. ಯಾರ ಅಪ್ಪಣೆಯೂ ಇಲ್ಲದೆ ಏಳುತ್ತವೆಯೇ ಎಂದು ನೋಡಿ. ಏಳದಿದ್ದರೆ ಏಳುವಂತೆ ಮಾಡಿ ಇಟ್ಟುಹೋಗಿ, ಯಾರು ನಕ್ಕರೂ ಸರಿ. ನಿಮ್ಮ ಊಟ ಆರಿದ್ದಕ್ಕೆ ಕ್ಷಮೆ ಇರಲಿ.

ಇನ್ನು ಜೋರಾಗಿ ಗುಂಡಿ ಒತ್ತಲಾರೆ. ಜೀವಮಾನವೆಲ್ಲ ಒಂದು ಕಣ್ಣು ತೆರೆದೇ ಮಲಗಿದವಳು ಇಮಾಮಬಿ ಆಯಿ. ಈಗ ಗೂಡಿನ ಕಾಲಿಗೆ ತಲೆ ಕೊಟ್ಟು, ಎರಡೂ ಕಣ್ಣು ಮುಚ್ಚಿ, ಗೊರಕೆ ಹೊಡೆಯುತ್ತಿದ್ದಾಳೆ.

ಎಚ್ಚರಗಾರ್ತಿ ಕಾಶಮ್ಮ
ಸುರಂಗ ಬಾವಿ, ಬೀದರ್