ಮಂಡಿಯೊಳಗಿನ ಮೆತ್ತೆ

ಮೇಷ್ಟ್ರೇ,

ತಮ್ಮ ಅನ್ನೋಕೆ ಇವತ್ತು ಬಾಯಿ ಬರುತ್ತಿಲ್ಲ. ಮಂಡಿ ಆಪರೇಷನ್‌ಗೆ ಆಸ್ಪತ್ರೆಗೆ ಹೊರಟಿದ್ದೇನೆ. ಜೊತೆಗೆ ಚಿಕ್ಕಮ್ಮ ಇರುತ್ತಾಳೆ, ನೀನು ಬರಬೇಡ.

ಊಟ ಒಲೆ ಪಕ್ಕ ಮುಚ್ಚಿಟ್ಟಿದೆ. ಬಿಸಿ ಮಾಡಿಕೊಳ್ಳೋದು ಕಲಿ. ಮಹಡಿ ಮೇಲಿನ ನಿನ್ನ ರೂಮಿಗೆ ಇನ್ನು ಕಾಫಿ ಬರುವುದಿಲ್ಲ.

ಇಸ್ತ್ರಿ ಮಾಡಿದ ನಿನ್ನ ಅಂಗಿಗಳ ಪೆಟ್ಟಿಗೆಯನ್ನು ನನ್ನ ಮಂಚದಡಿ ಪೊರಕೆಯಿಂದ ಗೋಡೆವರೆಗೂ ತಳ್ಳಿದ್ದೇನೆ. ಮಂಡಿಯೂರಿ ತೆಗೆದುಕೋ.

ಮೊನ್ನೆ ನಿನ್ನ ಶಿಷ್ಯರು ಮನೆಗೆ ಬಂದಾಗ, "ಅಕ್ಕನ ನೋವು ಮಂಡೀಲಿಲ್ಲ, ಮನಸ್ಸಲ್ಲಿದೆ" ಅಂತ ಅವರನ್ನು ನಗಿಸಿದೆಯಲ್ಲ. ಟ್ರೇ ಹಿಡಿದು ಮೆಟ್ಟಿಲ ಮೇಲೇ ನಿಂತಿದ್ದೆ ನಾನು. ಚಿಕ್ಕವನಿದ್ದಾಗ ನಿನ್ನನ್ನು ಕುದುರೆ ಆಡಿಸಿದ್ದು ಇದೇ ಕಾಲ ಮೇಲೆ ಕಣೋ. ಒಂದು ದಿನವೂ ಮುಟ್ಟಿ ನೋಡಲಿಲ್ಲ ನೀನು.

ಡಾಕ್ಟರು ನೋಡಿದರು. ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವೆ ಅರ್ಧಚಂದ್ರದ ಹಾಗೆ ಎರಡು ಮೆತ್ತೆ ಇರುತ್ತವಂತೆ. ನನ್ನದರಲ್ಲಿ ಒಂದು ಹರಿದುಹೋಗಿದೆ. ಮೆಡಿಕಲ್ ಕಾಲೇಜಿನಲ್ಲಿ ನೀನು ವರ್ಷವೆಲ್ಲ ಪಾಠ ಮಾಡುವುದು ಇದನ್ನೇ ತಾನೇ?

ಬೆಳಿಗ್ಗೆ ಮೆಟ್ಟಿಲು ಮೆಟ್ಟಿಲಿಗೂ ಕೂತು ಕೂತು ಕೊನೇ ಸಲ ಮಹಡಿ ಹತ್ತಿದೆ. ಎಂದಿನ ಹಾಗೆ ನಿನ್ನ ಮೇಜಿನ ಮೇಲಿನ, ನೀನು ಪಾಠಕ್ಕೆ ಒಯ್ಯುವ ಪ್ಲಾಸ್ಟಿಕ್ ಮಂಡಿಯ ಧೂಳು ಒರೆಸಿದೆ. ಚಿಪ್ಪು, ಮೂಳೆ ಎಲ್ಲ ಜಾಗದಲ್ಲೇ ಇವೆ. ಮೆತ್ತೆ ಎರಡನ್ನೂ ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ.

ನಾಳೆ ನಿನ್ನ ಪಾಠ ನೋಡೋಕೆ ಕಾಲೇಜಿನ ದೊಡ್ಡವರು ಬರುತ್ತಾರಲ್ಲ. ಮೆತ್ತೆ ಎಲ್ಲಿ ಅಂತ ಕೇಳಿದರೆ, ಮನಸ್ಸಲ್ಲಿದೆ ಅನ್ನು.

ಅಕ್ಕ