ಲೋರ್ನಾ ಉಜ್ಜಿದ ಸೆಂಟು

ಅಕ್ಟೋಬರ್ ೯, ಬುಧವಾರ

ಅಳುವೂ ಬರುತ್ತಿದೆ, ನಗುವೂ ಬರುತ್ತಿದೆ. ಟಂಕಸಾಲೆಯ ತಪ್ಪಿನಿಂದ ಇಸವಿ ಎರಡೆರಡಾಗಿ ಮೂಡಿದ್ದ ನನ್ನ ೧೯೫೫ರ ತಾಮ್ರದ ಒಂದು ಸೆಂಟಿನ ನಾಣ್ಯವನ್ನು, ನನ್ನ ಹುಟ್ಟುಹಬ್ಬಕ್ಕೆಂದು ಹೆಂಡತಿ ಲೋರ್ನಾ ವಿನೆಗರ್ ಹಾಕಿ ಉಜ್ಜಿಬಿಟ್ಟಿದ್ದಾಳೆ.

"ಹೆಂಗೆ ಹೊಳೀತಿದೆ ನೋಡು! ಯಾವ ದರ್ಜೆ ಕೊಡ್ತೀಯಾ?"

ಹಳೆಯ ನಾಣ್ಯ ನೋಡಿ ದರ್ಜೆ ಕೊಡುವುದೇ ನನ್ನ ಕಸುಬು; ತೊಳೆದರೆ ಬೆಲೆ ಬಿದ್ದುಹೋಗುತ್ತದೆ, ತೊಳೆದ ನಾಣ್ಯಕ್ಕೆ ದರ್ಜೆಯೇ ಇಲ್ಲವೆಂದು ಓಹಾಯೊ ರಾಜ್ಯದ ತುಂಬ ಸಾರುವವನು ನಾನು. ಭೂತಗನ್ನಡಿ ಹಿಡಿದು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಅಯ್ಯೋ, ಕೆಡಿಸ್ಬಿಟ್ನಾ?"

ಸುಳ್ಳು ಹೇಳಲಾಗಲಿಲ್ಲ. ಎಲ್ಲರ ನಾಣ್ಯಕ್ಕೂ ಬರೆಯುವಂತೆ, ಅದನ್ನಿಡುವ ರಟ್ಟಿನ ಚೌಕಟ್ಟಿನ ಮೇಲೆ 'ತೊಳೆದದ್ದು' ಎಂದು ಬರೆದೆ. ಅವಳು ಪೆನ್ನು ಕಿತ್ತುಕೊಂಡು ಕೆಳಗೆ ಸೇರಿಸಿದಳು: 'ತೊಳೆದವಳು ಲೋರ್ನಾ.'

ಟಂಕಸಾಲೆಯ ಆ ತಪ್ಪು ಸಾವಿರಾರು ನಾಣ್ಯಗಳಲ್ಲಿದೆ. ಇವಳ ತಪ್ಪು ಮಾತ್ರ ಜಗತ್ತಿಗೆ ಒಂದೇ. ಮಾರುವ ಮಾತೇ ಇಲ್ಲ.

ಪಕ್ಕದಲ್ಲಿ ಮಲಗಿದ್ದಾಳೆ. ಬೆರಳುಗಳಲ್ಲಿ ಇನ್ನೂ ವಿನೆಗರ್ ವಾಸನೆ.