ತೂತು ಕೊರೆದ ಇಂಜಿನ್

ಭಾವನವರಿಗೆ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರುತ್ತವೆ, ಕ್ಷಮಿಸಿ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಗೆ ಕಾರುವ ಡೀಸೆಲ್ ವ್ಯಾನನ್ನು ಗುಜರಿಗೆ ಕೊಟ್ಟರೆ ಬ್ಯಾಟರಿ ವ್ಯಾನ್ ಕೊಳ್ಳಲು ಸರ್ಕಾರ ಸಹಾಯ ಮಾಡುತ್ತದೆ ಎಂದು ನಮ್ಮ ವ್ಯಾನನ್ನು ನೀವೇ ಒಯ್ದಿರಿ. ಇಂಜಿನ್ನಿಗೆ ತೂತು ಕೊರೆದರು, ಇನ್ನು ಅದು ಓಡುವುದಿಲ್ಲ ಎಂದೂ ನೀವೇ ಹೇಳಿದಿರಿ. ಕೊರೆದದ್ದನ್ನು ಕಣ್ಣಾರೆ ಕಂಡೆ ಎಂದು ಈಗ ಸರ್ಕಾರದ ಕಾಗದಕ್ಕೆ ಅಪ್ಪ ಸಹಿ ಹಾಕಬೇಕಂತೆ. ಅಪ್ಪ ಕಂಡಿಲ್ಲ. "ಅಳಿಯಂದ್ರು ನೋಡಿದ್ರೆ ನಾನು ನೋಡಿದ ಹಾಗೇ. ನಿಂಗ್ಯಾಕೆ ಈ ಪೊಲೀಸ್ ಕೆಲ್ಸ?" ಎಂದು ನನ್ನನ್ನೇ ಗದರುತ್ತಾರೆ.

ಹೋದ ವಾರ ತರಕಾರಿ ಮಂಡಿಯ ಹತ್ತಿರ ಒಂದು ನೀಲಿ ವ್ಯಾನ್ ಹೋಯಿತು. ನಮ್ಮದು ಬಿಳಿ. ಆದರೂ ಗೇರ್ ಬದಲಿಸುವಾಗ ಅದು ನಮ್ಮದರಂತೆಯೇ ಬಿಕ್ಕಳಿಸಿತು. ನಿಮ್ಮನ್ನು ಮೆಲ್ಲಗೆ ಕೇಳಿದ್ದಕ್ಕೆ, "ಹೊಗೆ ಬಿಡೋ ವ್ಯಾನೆಲ್ಲಾ ನಿಮ್ಮಪ್ಪಂದೇನಾ?" ಎಂದು ನಕ್ಕಿರಿ. ನಾನೂ ನಕ್ಕೆ.

ದಯವಿಟ್ಟು ಅಪ್ಪನನ್ನು ಗುಜರಿಯವರ ಹತ್ತಿರ ಕರೆದೊಯ್ದು ಆ ತೂತನ್ನು ತೋರಿಸಿ. ಆಮೇಲೆ ಸಹಿ ಹಾಕಲಿ. ಸುಳ್ಳಿಗೆ ಅವರ ಹೆಸರು ಬೇಡ. ಅಕ್ಕನಿಗೆ ನಾನು ಏನೂ ಹೇಳಿಲ್ಲ, ಅವಳು ತುಂಬಿದ ಬಸುರಿ.

ಇವತ್ತು ಬೆಳಿಗ್ಗೆ ಆ ನೀಲಿ ವ್ಯಾನ್ ಮಂಡಿಯ ಹಿಂದೆ ನಿಂತಿತ್ತು. ನಮ್ಮ ವ್ಯಾನಿನ ಇನ್ನೊಂದು ಕೀಲಿ ಮನೆಯಲ್ಲೇ ಉಳಿದಿತ್ತಲ್ಲ, ಅದನ್ನು ತಂದು ಬಾಗಿಲಿಗೆ ಹಾಕಿ ತಿರುಗಿಸಿದೆ. ತೆರೆಯಿತು. ಸದ್ದಾಗದಂತೆ ಮುಚ್ಚಿ ಬಂದೆ.

ಇಂತಿ,
ನಿಮ್ಮ ನಾದಿನಿ